ಮೂರು ಕೊಟೇಶನ್ನು

ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ಕಸಬರಿಗೆ ಕೊಳ್ಳಬೇಕಾದರೂ ಮೂರು ಕೊಟೇಶನ್ನು ಬೇಕು. ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟರೆ, ಅಧ್ಯಕ್ಷರಾದ ಸಿದ್ದಲಿಂಗ ಸಾಹುಕಾರರು ಎಲ್ಲಕ್ಕಿಂತ ಸಣ್ಣ ಅಂಕಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಾರೆ. ಅಲ್ಲಿಗೆ ವಿಚಾರ ಮುಗಿಯಿತು. ಇಂಡಿ ಪಟ್ಟಣದ ಮುಖ್ಯ ಕಚೇರಿಯಲ್ಲಿ ಗುಮಾಸ್ತೆಯಾಗಿ ಇಂಥ ಸುತ್ತುಗಳನ್ನು ನೋಡುತ್ತಲೇ ಈ ಬಾಳಮ್ಮನ ಕೂದಲು ಹಣ್ಣಾಗಿವೆ.

ತಾಂಬಾ ಹಳ್ಳಿಯ ಅಶ್ಫಾಕ ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಶಾಖೆಗಳಿಗೆ ಬೈಕಿನ ಮೇಲೆ ಓಡಾಡಿ ಬೆನ್ನು ನೋಯಿಸಿಕೊಂಡಿದ್ದಾನೆ. ವರ್ಷಗಳಿಂದ ಹಂಗಾಮಿ. ಈ ಸಲ ಕಾಯಂ ಮಾಡುತ್ತೇವೆ ಎಂದು ಸಾಹುಕಾರರೇ ಬಾಯಿಬಿಟ್ಟು ಹೇಳಿದ್ದರು. ಹೆಂಡತಿ ಶಬಾನಾ ಆ ಮಾತು ನಂಬಿ ಇಂಡಿಯಲ್ಲಿ ಬಾಡಿಗೆ ಮನೆ ಹಿಡಿದು, ಮಗಳನ್ನು ಇಲ್ಲಿನ ಶಾಲೆಗೆ ಹಾಕಿದ್ದಳು.

ಕಳೆದ ವರ್ಷ ಒಂದು ಠರಾವಾಯಿತು: ನಾಲ್ಕೂ ಊರಿನ ಕಂಪ್ಯೂಟರುಗಳು ಕ್ಲೌಡಿನ, ಅಂದರೆ ಬಾಡಿಗೆಗೆ ಸಿಗುವ ದೂರದ ಕಂಪ್ಯೂಟರುಗಳ, ಮೂಲಕವೇ ಒಂದಕ್ಕೊಂದು ಸೇರಬೇಕು, ಕಳ್ಳರು ನುಗ್ಗದಂತೆ ಕಾವಲೂ ಅಲ್ಲೇ ಇರಬೇಕು. ಅಶ್ಫಾಕ ಮೂರು ಕಂಪನಿಗಳಿಂದ ದರ ತರಿಸಿ ಹಾಳೆ ಮಾಡಿದ.

"ಸಾವ್ಕಾರ್ರ, ಈ ಸಣ್ಣ ಅಂಕಿ ನಂಬಬ್ಯಾಡ್ರಿ. ಇದು ಬರೇ ತಿಂಗಳ ಬಾಡಿಗಿ. ಡೇಟಾ ಎಷ್ಟು ಹಾದು ಹೋಗ್ತೈತಿ ಅಷ್ಟಕ್ಕೂ ಬ್ಯಾರೆ ರೊಕ್ಕ ಹಾಕ್ತಾರ. ಜೀಪಿನ ಬಾಡಿಗಿ ಕಮ್ಮಿ ಹೇಳಿ, ಕಿಲೋಮೀಟರಿಗೆ ಬ್ಯಾರೆ ತಗೊಂಡಂಗ. ನಡುವಿಂದು ಜಾಸ್ತಿ ಕಾಣ್ತೈತಿ, ಆದ್ರ ಅದರಾಗ ಎಲ್ಲಾ ಬಂತು."

"ಎಷ್ಟು ಹಾದು ಹೋಗ್ತೈತಿ?"

"ಅಂದಾಜು ಹೇಳಬಹುದ್ರಿ."

"ಅಂದಾಜಿಗೆ ಆಡಿಟರ್ ಒಪ್ಪಂಗಿಲ್ಲೋ. ಹಾಳ್ಯಾಗ ಇದ್ದದ್ದಷ್ಟೇ ಲೆಕ್ಕ."

ಸುತ್ತು ಬಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯಾದರೂ ಅಲ್ಲಾಡಿಸೀತು. ಕರಾರು ಮೂರು ವರ್ಷದ್ದು, ನಡುವೆ ಬಿಡುವಂತಿಲ್ಲ.

ಅದರ ಬೆನ್ನಿಗೇ ಸಾಹುಕಾರರು ತಮ್ಮ ಕೋಣೆಗೆ ದೊಡ್ಡ ಟೀವಿ ತರಿಸಿದರು. ಎಲ್ಲ ಶಾಖೆಗಳ ಕ್ಯಾಮೆರಾ ಚಿತ್ರ ದಿನವಿಡೀ ಅದರಲ್ಲಿ ಓಡಬೇಕು. ಮುದ್ದೇಬಿಹಾಳದ ಕ್ಯಾಶಿಯರು ಆಕಳಿಸಿದರೂ ಇಲ್ಲಿಂದ ಫೋನು ಹೋಗುತ್ತಿತ್ತು. ಆ ಚಿತ್ರವೆಲ್ಲ ಕ್ಲೌಡಿನ ಕಾವಲು ದಾಟಿಯೇ ಬರಬೇಕು, ದಾಟಿದ್ದಕ್ಕೆಲ್ಲ ದುಡ್ಡು.

"ಟೀವಿ ಬಂದ್ ಇಟ್ರ ಬಿಲ್ಲು ಇಳೀತೈತ್ರಿ," ಎಂದು ಅಶ್ಫಾಕ ಅಂಗಲಾಚಿದ.

"ಬಂದ್ ಇಡಾಕ ಟೀವಿ ಯಾಕ ತರಬೇಕಿತ್ತು?" ಎಂದರು ಅವರು.

ಬಿಲ್ಲು ನಡುವಿನ ಕೊಟೇಶನ್ನನ್ನೂ ದಾಟಿ ಹೋಯಿತು. ಕಂಪನಿ ಕರಾರಿನಂತೆಯೇ ನಡೆದಿತ್ತು, ದೂರುವಂತೆಯೂ ಇರಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಮ್ಮಲ್ಲಿ ಮಾಡಿದವರು ಒಬ್ಬರು, ಉಂಡವನು ಇನ್ನೊಬ್ಬ. ಖರ್ಚು ಇಳಿಸಲು ಸಭೆ ಕೂತಿತು. ಟೀವಿಯ ಮಾತು ಯಾರೂ ಎತ್ತಲಿಲ್ಲ. ಕಂಪ್ಯೂಟರು ನೋಡಿಕೊಳ್ಳುವ ಕೆಲಸವನ್ನು ಕಡಿಮೆ ದರದವರಿಗೆ ಕೊಡಬೇಕೆಂದು ತೀರ್ಮಾನವಾಯಿತು. ಅದಕ್ಕೂ ಮೂರು ಕೊಟೇಶನ್ನು. ಹಾಳೆ ಮಾಡುವವನು ಅಶ್ಫಾಕನೇ.

ಎರಡು ಕಂಪ್ಯೂಟರು ಅಂಗಡಿಯವರ ದರ ಬರೆದು, ಮೂರನೆಯ ಸಾಲಿನಲ್ಲಿ ತನ್ನ ಸಂಬಳ ಬರೆದ. ಮೊದಲ ಸಾಲಿನ ಅಂಕಿಗಿಂತ ಅದು ದೊಡ್ಡದಿತ್ತು. ನಾನು ಹಾಳೆಗೆ ಕೈ ಅಡ್ಡ ಇಟ್ಟೆ.

"ನಿನ್ನ ಕೈಲೇ ಬರಿಯಾಕತ್ತೀಯಲ್ಲೋ! ಒಂದೀಟು ಕಮ್ಮಿ ಮಾಡಿ ಬರಿ."

"ಎಷ್ಟು ಕಮ್ಮಿ ಮಾಡ್ಲಿ ಅಕ್ಕಾ? ಮನಿ ಬಾಡಿಗಿ, ಸಾಲಿ ಫೀ ಇದರಾಗ ಆಗಬೇಕು."

ಹಾಳೆ ಹಿಡಿದು ಅವನು ಒಳಗೆ ಹೋದ. ಮನಸ್ಸು ತಡೆಯದೆ ನಾನೂ ಹಿಂದೆ ಹೋಗಿ ನಿಂತೆ. ಟೀವಿಯಲ್ಲಿ ಬಾಗೇವಾಡಿ ಶಾಖೆಯ ಖಾಲಿ ಕುರ್ಚಿಗಳು ಕಾಣುತ್ತಿದ್ದವು.

"ಸಾವ್ಕಾರ್ರ, ಈ ಮೊದಲನೇದು ಬರೇ ತಿಂಗಳದ್ದು. ಶಾಖಾಕ್ಕ ಬಂದು ಹೋದಾಗೊಮ್ಮೆ ಬ್ಯಾರೆ ರೊಕ್ಕ ಹಾಕ್ತಾರ."

"ಎಷ್ಟು ಸಲ ಬರ್ತಾರ?"

"ಅಂದಾಜು..." ಎಂದವನು ಅಲ್ಲಿಗೇ ನಿಂತ. ಮುಂದೆ ಹೇಳಿ ಉಪಯೋಗವಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಾಹುಕಾರರು ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲೆ ಗೀಚಿದರು. ಶಾಯಿ ತೀರಿತ್ತು. ಅವರು ಮೇಜಿನ ಮೇಲೆ ತಡಕಾಡುವುದನ್ನು ನೋಡಿ, ಅಶ್ಫಾಕ ಫೈಲುಗಳ ಹಿಂದೆ ಬಿದ್ದಿದ್ದ ಇನ್ನೊಂದು ಕೆಂಪು ಪೆನ್ನನ್ನು ಹುಡುಕಿ ಕೈಗೆ ಕೊಟ್ಟ.