ಎಂಟು ಗಂಟೆಯ ಫೋನು

ಬೇರೆಯವರ ಮಾತಿನ ನಡುವೆ ಬಾಯಿ ಹಾಕದೆ ಕೂರುವ ಅಭ್ಯಾಸವಿದ್ದದ್ದರಿಂದ ನನಗೆ ಆ ಕೆಲಸ ಸಿಕ್ಕಿತು. ಅಭ್ಯಾಸ ಮಾಡಿಸಿದ್ದು ಅಜ್ಜಿ. ದೊಡ್ಡವರು ಮಾತಾಡುವಾಗ ಅಡ್ಡ ಬಂದರೆ ತೊಡೆ ಚಿವುಟುತ್ತಿದ್ದರು.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮೂಡುಬಿದಿರೆಯ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಮೊಬೈಲಿಗೆ ಪ್ರೋಗ್ರಾಮ್ ಬರೆಯುತ್ತಿದ್ದ ಕಚೇರಿ ನಮ್ಮದು. ಬರೆಯುವವರು ಬೇರೆ ಇದ್ದರು. ಜನ ಅದನ್ನು ತಮ್ಮ ಮನೆಯಲ್ಲಿ, ತಮ್ಮ ಗಡಿಬಿಡಿಯ ನಡುವೆ ಹೇಗೆ ಬಳಸುತ್ತಾರೆ ಎಂದು ದೂರದಲ್ಲೇ ಕೂತು ಗಮನಿಸುವುದು ನನ್ನ ಪಾಲಿನ ಕೆಲಸ. ಯಜಮಾನರ ಕಟ್ಟಪ್ಪಣೆ ಒಂದೇ: "ಹೇಳಿಕೊಡ್ಲಿಕ್ಕೆ ಹೋಗ್ಬೇಡಿ. ಅವರು ತಪ್ಪಿದ್ರೆ ತಪ್ಪು ನಮ್ಮದು."

ಆ ವರ್ಷ ಮಾಡಿದ್ದು ವಯಸ್ಸಾದವರಿಗೆ ಮಾತ್ರೆ ನೆನಪಿಸುವ ಪ್ರೋಗ್ರಾಮ್. ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಕರೆ ಬಂದ ಹಾಗೆಯೇ ರಿಂಗ್ ಆಗುತ್ತಿತ್ತು, ಪರದೆಯ ಮೇಲೆ ಮಾತ್ರೆಯ ಚಿತ್ರ ಬರುತ್ತಿತ್ತು. ನುಂಗಿದ ಮೇಲೆ ನಡುವಿನ ಗುಂಡಿ ಒತ್ತಬೇಕು. ಒತ್ತಿದರೆ ನಮ್ಮ ಕಂಪ್ಯೂಟರಿನಲ್ಲಿ ಹಸಿರು ಚುಕ್ಕೆ. ಒತ್ತದಿದ್ದರೆ ಕೆಂಪು ಚುಕ್ಕೆ, ಜೊತೆಗೆ ಮನೆಯವರೊಬ್ಬರಿಗೆ ಮೆಸೇಜು. ಬಂಟ್ವಾಳ, ಸಿದ್ಧಕಟ್ಟೆ, ಬೆಳುವಾಯಿ, ಬೆಳ್ತಂಗಡಿಯ ಕಡೆ ಹದಿನೈದು ಮನೆಗಳಲ್ಲಿ ಪರೀಕ್ಷೆಗೆ ಇಟ್ಟಿದ್ದೆವು.

ಬಂಟ್ವಾಳದಲ್ಲಿ ಹೊಳೆಯ ಬದಿಯ ಒಂದು ಬ್ಯಾರಿ ಮುಸ್ಲಿಮರ ಮನೆ. ಅಲ್ಲಿ ಬಿ.ಪಿ. ಇದ್ದ ಉಮ್ಮ, ಅಂದರೆ ಮನೆಯ ತಾಯಿ, ಅವರ ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮಗ ದುಬೈಯಲ್ಲಿ. ಫೋನು ಅವನೇ ಕೊಡಿಸಿದ್ದು, ಮೆಸೇಜು ಹೋಗುತ್ತಿದ್ದದ್ದೂ ಅವನಿಗೇ. ಪರೀಕ್ಷೆಗೆ ಮೊದಲು ನಮ್ಮ ಮಾಳಿಗೆಗೆ ಬಂದಾಗ ಉಮ್ಮ ಚಹಾ ಕುಡಿಯುತ್ತಲೇ ಗುಂಡಿ ಒತ್ತಿ ತೋರಿಸಿದ್ದರು. ಮನೆಗೆ ಹೋದ ಮೇಲೆ ಹನ್ನೆರಡು ದಿನ ಸಾಲಾಗಿ ಹನ್ನೆರಡು ಕೆಂಪು ಚುಕ್ಕೆ.

"ಆ ಅಜ್ಜಿಗೆ ಆಗುದಿಲ್ಲ ಮಾರಾಯ್ತಿ, ಬಿಟ್ಟುಬಿಡುವ," ಅಂದರು ಪ್ರೋಗ್ರಾಮ್ ಬರೆದ ಹುಡುಗರು.

ಬಿಡಬಹುದಿತ್ತೋ ಏನೋ. ಆದರೆ ಅದೇ ದಿನ ಸೊಸೆಯ ಫೋನು ಬಂತು.

"ಅಕ್ಕಾ, ನಿಮ್ಮ ಮೆಸೇಜು ನಿಲ್ಸಿ. ಮಾತ್ರೆ, ನೀರು ಎರಡೂ ನಾನೇ ಇಟ್ಟು ಮಕ್ಕಳನ್ನು ಹೊರಡಿಸ್ಲಿಕ್ಕೆ ಹೋಗುದು. ವಾಪಸ್ ಬರುವಾಗ ಮಾತ್ರೆ ಖಾಲಿ. ದುಬೈಯಲ್ಲಿ ಕೂತು ಇವರು ನಂಬುದಿಲ್ಲ. ‘ಕಂಪ್ಯೂಟರ್ ಸುಳ್ಳು ಹೇಳ್ತದಾ’ ಅಂತ ಕೇಳ್ತಾರೆ. ‘ನಿನ್ನಿಂದ ಆಗದಿದ್ರೆ ಉಮ್ಮನನ್ನು ಬೆಳ್ತಂಗಡಿಗೆ ಅಕ್ಕನ ಮನೆಗೆ ಕಳಿಸ್ತೇನೆ’ ಅಂತ ಹೇಳಿಯಾಯ್ತು. ನಾಳೆ ಊರವರು ಎಂತ ಹೇಳಿಯಾರು? ಅತ್ತೆಗೆ ಮಾತ್ರೆ ಕೊಡ್ಲಿಕ್ಕೂ ಆಗದವಳು ಅಂತ."

ನಾನು ಉಮ್ಮನನ್ನೇ ಕೇಳಿದೆ. "ಎಲ್ಲ ಸರಿ ಉಂಟು ಮಗಾ, ನಿಮ್ಮ ಫೋನು ಭಾರೀ ಒಳ್ಳೆದು," ಅಂದರು. ನಮ್ಮ ಊರಿನ ಹಿರಿಯರು ಇನ್ನೊಬ್ಬರು ಮಾಡಿದ ಅಡುಗೆಗೆ ಉಪ್ಪು ಕಡಿಮೆ ಅಂತ ಯಾವತ್ತು ಹೇಳಿದ್ದಾರೆ?

ಕೇಳಿ ತಿಳಿಯುವ ಸಂಗತಿ ಇದಲ್ಲ, ಕಿವಿಗೊಟ್ಟು ತಿಳಿಯಬೇಕು ಅನಿಸಿತು. ಮರುದಿನ ಎಂಟಕ್ಕೆ ಐದು ನಿಮಿಷವಿರುವಾಗ ಅವರ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ರಿಸೀವರನ್ನು ಉಮ್ಮನ ಮಂಚದ ಹತ್ತಿರ ಇಟ್ಟು ಹೋಗುವಂತೆ ಸೊಸೆಗೆ ಹೇಳಿದ್ದೆ. ಉಮ್ಮನಿಗೂ ತಿಳಿಸಿಯೇ ಇಟ್ಟಳು. "ಕೇಳ್ಲಿ, ನಾನೇನು ಕದ್ದೆನಾ?" ಎಂಬ ಉತ್ತರ ನನಗೂ ಕೇಳಿಸಿತು.

ಮೊದಲು ಕಾಗೆಯ ಸದ್ದು. ಒಳಗಿನಿಂದ, ಒಂದು ಕಾಲಿನ ಸಾಕ್ಸ್ ಕಾಣುವುದಿಲ್ಲ ಎಂಬ ಮಗುವಿನ ರಾಗ. ಆಮೇಲೆ ನಮ್ಮ ರಿಂಗ್. ಒಂದು, ಎರಡು, ಮೂರು. ಉಮ್ಮ ಗಾಬರಿಯಾಗಲಿಲ್ಲ, ತಡಕಾಡಲಿಲ್ಲ. "ಬಂತು, ಬಂತು," ಎಂದು ಬ್ಯಾರಿ ಭಾಷೆಯಲ್ಲಿ ಮೆಲ್ಲಗೆ ಹೇಳಿಕೊಂಡರು. ಮಾತ್ರೆಯ ಹಾಳೆ ಚಟ್ ಎಂದಿತು. ನೀರು ಗುಟುಕರಿಸಿದ ಶಬ್ದ. ಲೋಟ ಕೆಳಗಿಟ್ಟರು. ರಿಂಗ್ ಹತ್ತಾಗಿ ತಾನಾಗಿ ನಿಂತಿತು. ನನ್ನ ಎದುರಿನ ಕಂಪ್ಯೂಟರಿನಲ್ಲಿ ಕೆಂಪು ಚುಕ್ಕೆ ಬಿತ್ತು.

ತಡೆಯಲಾಗಲಿಲ್ಲ. "ಉಮ್ಮಾ!" ಎಂದು ಕೂಗಿದೆ. ಅವರು ರಿಸೀವರ್ ಎತ್ತಿಕೊಂಡರು.

"ಮಾತ್ರೆ ನುಂಗಿದ್ರಿ. ಗುಂಡಿ ಎಂತಕ್ಕೆ ಒತ್ತಲಿಲ್ಲ?"

"ಒತ್ತಿದ್ರೆ ಎತ್ತಿದ ಹಾಗಲ್ವಾ? ದುಬೈಯಿಂದ ಮಾಡುದು ಅವನು. ಎತ್ತಿದ್ರೆ ಅವನಿಗೆ ದುಡ್ಡು ಬೀಳ್ತದೆ."

"ಮತ್ತೆ ನಮ್ಮ ಮಾಳಿಗೆಯಲ್ಲಿ ಒತ್ತಿದ್ರಿ!"

"ಅದು ನಿಮ್ಮ ಆಫೀಸಿನದ್ದು. ಬಿದ್ರೆ ನಿಮಗೆ ಬೀಳ್ಲಿ!"

ನಾನು ನಕ್ಕೆ, ಆಮೇಲೆ ನಾಚಿಕೆಯಾಯಿತು. ಗಲ್ಫಿನಲ್ಲಿ ಮಕ್ಕಳಿದ್ದ ಯಾವ ಮನೆಯಲ್ಲಿ ಮಿಸ್ಡ್ ಕಾಲ್ ಎತ್ತುತ್ತಿದ್ದರು? ರಿಂಗ್ ಆದರೆ ಸುದ್ದಿ ತಲುಪಿತು ಎಂದೇ ಲೆಕ್ಕ. ಎತ್ತುವವರು ದಡ್ಡರು. ಇದು ಗೊತ್ತಿದ್ದ ಊರಿನಲ್ಲೇ ಹುಟ್ಟಿ ಬೆಳೆದವಳು ನಾನು. ‘ಎಂಟಕ್ಕೆ ಫೋನು ಕರೀತದೆ, ಮಾತ್ರೆ ತಗೊಳ್ಳಿ’ ಎಂದು ಮಗ ಹೇಳಿಹೋಗಿದ್ದ. ಕರೆಯುವುದು ಮಗನೇ ಎಂದು ತಾಯಿ ನಂಬಿದ್ದರು.

"ಸೊಸೆಗೆ ಹೇಳ್ಲಿಲ್ವಾ ಉಮ್ಮಾ?"

ಅವರು ಸ್ವರ ತಗ್ಗಿಸಿದರು. "ಹೇಗೆ ಹೇಳುದು? ಅವಳಿಗೆ ವಾರಕ್ಕೊಂದು ಫೋನು. ನನಗೆ ದಿನಾ. ಪಾಪ, ಬೇಜಾರಾಗ್ತದಲ್ಲ."

ಇಷ್ಟು ಹೊತ್ತು ದೂರದಲ್ಲಿ ಕೂತವಳು ಆಗ ಯಜಮಾನರ ಅಪ್ಪಣೆಯನ್ನೂ ಅಜ್ಜಿಯ ಚಿವುಟನ್ನೂ ಮರೆತೆ. ಕರೆಯುವುದು ಮಗನಲ್ಲ, ಪ್ರೋಗ್ರಾಮ್ ಎಂದೆ. ಒತ್ತದಿದ್ದರೆ ಅವನಿಗೆ ಏನು ಹೋಗುತ್ತದೆ, ಅದರಿಂದ ಸೊಸೆ ಏನೆಲ್ಲ ಕೇಳಿಸಿಕೊಂಡಿದ್ದಾಳೆ, ಎಲ್ಲ ಹೇಳಿದೆ.

ಉಮ್ಮ ಅಲ್ಲಿಂದಲೇ ಸೊಸೆಯನ್ನು ಕರೆದರು. "ಬಾ ಇಲ್ಲಿ. ಅವನ ನಂಬರು ಹಾಕಿ ಕೊಡು."

"ಮಿಸ್ಡ್ ಕಾಲಾ ಮಾಮಿ?"

"ಅಲ್ಲ. ಮಾತಾಡ್ಲಿಕ್ಕೆ."

ರಿಸೀವರನ್ನು ವಾಪಸ್ ಅದರ ಜಾಗದಲ್ಲಿಡಲು ಇಬ್ಬರಿಗೂ ಮರೆತುಹೋಗಿತ್ತು. ಎತ್ತಿದರೆ ಮಗನಿಗೆ ದುಡ್ಡು ಬೀಳುತ್ತದೆಂದು ಹದಿಮೂರು ದಿನ ಗುಂಡಿ ಮುಟ್ಟದ ಆ ತಾಯಿ, ಮೊಬೈಲಿನ ಕರೆನ್ಸಿ ಮುಗಿಯುವವರೆಗೆ ಮಗನನ್ನು ಗದರಿಸಿದರು. "ಮಷೀನಿನ ಮಾತು ನಂಬಿದಿ, ಮನೆಯವಳದ್ದು ನಂಬ್ಲಿಲ್ಲ. ಬೆಳ್ತಂಗಡಿಗೆ ನಾನು ಹೋಗುದಿಲ್ಲ. ಹೋಗುದಿದ್ರೆ ಇವಳನ್ನೂ ಕರ್ಕೊಂಡು ಹೋಗ್ತೇನೆ, ಯಾರದ್ದಾದ್ರೂ ಮದುವೆ ಊಟಕ್ಕೆ!" ನಾನು ಕೊನೆಯವರೆಗೂ ಕೇಳಿದೆ. ಆ ಹೊತ್ತಿನ ವರದಿಯಲ್ಲಿ ಇದನ್ನು ಬರೆಯಲಿಲ್ಲ.

ಬರೆದದ್ದು ಇಷ್ಟು: ಗುಂಡಿ ಬೇಡ, ನುಂಗಿದವರು ನಮಗೊಂದು ಮಿಸ್ಡ್ ಕಾಲ್ ವಾಪಸ್ ಕೊಡಲಿ. ಯಜಮಾನರು ಎರಡು ಸಲ ಓದಿ, "ಅಜ್ಜಿಗೆ ಆಗುದಿಲ್ಲ ಅಂದವರು ಯಾರು?" ಎಂದು ಹುಡುಗರ ಕಡೆ ನೋಡಿದರು. ಮುಂದಿನ ವಾರದಿಂದ ಎಂಟು ದಾಟುತ್ತಲೇ ನಮ್ಮ ಮೇಜಿನ ಫೋನು ಒಂದೇ ಸಮನೆ ರಿಂಗ್ ಆಗತೊಡಗಿತು. ಎಲ್ಲರಿಗಿಂತ ಮೊದಲಿನದು ಬಂಟ್ವಾಳದ್ದು.

ತಿಂಗಳ ಕೊನೆಗೆ ಸೊಸೆ ಫೋನ್ ಮಾಡಿದಳು. "ಅಕ್ಕಾ, ಈಗ ಬೆಳಿಗ್ಗೆ ಎರಡು ಸಲ ರಿಂಗ್ ಆಗ್ತದೆ. ಮೊದಲು ನಿಮ್ಮದು. ಆಮೇಲೆ ಇವರದ್ದು, ಡ್ಯೂಟಿಗೆ ಹೊರಡುವಾಗ."

"ಅದನ್ನು ಉಮ್ಮ ಎತ್ತುತ್ತಾರಾ?"

"ಇಲ್ಲಪ್ಪ. ಇವರ ರಿಂಗಿನಲ್ಲಿ ಮಾಮಿಗೆ ಒಂದು, ನನಗೆ ಒಂದು. ಎಣಿಸಿ ಪಾಲು ಮಾಡಿದ್ದು ಮಾಮಿಯೇ."