ಎಡಬದಿಯ ಹೊಲಿಗೆ

ರೋಣದಲ್ಲಿ ನಾನು ಇಪ್ಪತ್ತು ವರ್ಷದಿಂದ ಕುಬಸ ಹೊಲಿಯುತ್ತಿದ್ದೇನೆ. ಅಷ್ಟು ವರ್ಷದಲ್ಲಿ ಮೈಗೆ ಟೇಪು ಹಾಕಿಸಿಕೊಂಡ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದು. ಹೊಲಿಯುವವಳು ಹೆಣ್ಣಾದರೂ ಅವರಿಗೆ ನಾಚಿಕೆ. ಎಲ್ಲರೂ ಅಳತೆಗೆಂದು ಒಂದು ಹಳೆಯ ಕುಬಸ ತಂದು, "ಇದರಂಗ ಹೊಲದ ಕೊಡ್ರಿ" ಅಂತ ಇಟ್ಟು ಹೋಗುತ್ತಾರೆ. ಮೈ ಬದಲಾಗಿದ್ದರೆ ಬಾಯಲ್ಲಿ ಹೇಳುತ್ತಾರೆ, ಇಲ್ಲಿ ಒಂದು ಬೆರಳು ಬಿಗಿ, ಅಲ್ಲಿ ಅರ್ಧ ಬೆರಳು ಸಡಿಲ. ನಾನು ಇವರನ್ನೆಲ್ಲ ಗೇಲಿ ಮಾಡುತ್ತಿದ್ದೆ. ಮದುವೆಯ ಮರುವರ್ಷ ಹೊಲಿದುಕೊಂಡ ನನ್ನದೇ ಅಳತೆ ಕುಬಸವನ್ನು ಟ್ರಂಕಿನಲ್ಲಿಟ್ಟುಕೊಂಡು ಗೇಲಿ ಮಾಡುತ್ತಿದ್ದೆ.

ಅವ್ವ ಗಜೇಂದ್ರಗಡದಲ್ಲಿದ್ದಳು. ಒಂದು ದಿನ ಬಸ್ಸಿಳಿದು ಬಂದವಳೇ ತನ್ನ ಕುಬಸವನ್ನು ಮಷಿನ್ ಮೇಲಿಟ್ಟು, "ಎಡಕ್ಕ ಸ್ವಲ್ಪ ಸಡ್ಲ ಬಿಡವಾ" ಅಂದಳು. ಬಿಟ್ಟೆ. ಎರಡು ತಿಂಗಳಾದ ಮೇಲೆ ಮತ್ತೆ ಅದೇ ಮಾತು.

"ಏನಬೇ, ಒಂದ ಬದಿಗೆ ದಪ್ಪ ಆಗಾಕತ್ತಿಯಲ್ಲಾ" ಅಂದೆ.

ಅವಳು ಸೆರಗು ಸರಿಮಾಡಿಕೊಂಡು ನಕ್ಕಳು. ಆ ನಗು ನೆನಪಾದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ, ಅವಳ ಮೇಲಲ್ಲ, ನನ್ನ ಮೇಲೆ. ಎದೆಯ ಗಂಟು ಒಡೆದು ವಾಸನೆ ಬರುವವರೆಗೆ ಅವಳು ಯಾರಿಗೂ ಹೇಳಲಿಲ್ಲ. ಆಮೇಲೆ ಹೆಚ್ಚು ದಿನ ಬದುಕಲೂ ಇಲ್ಲ.

ಅವಳು ಹೋದ ಮೇಲೆ ನನಗೆ ಸೂಜಿಗೆ ದಾರ ಪೋಣಿಸಲು ಆಗದಂತಾಯಿತು. ಮಷಿನ್ ಶುರುಮಾಡಿದರೆ ಕೈ ನಡುಗುತ್ತಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ತೋರಿಸಿದ ಡಾಕ್ಟರೆಲ್ಲ ಹೃದಯ ಸರಿಯಿದೆ, ರಕ್ತ ಸರಿಯಿದೆ ಎಂದರು. ಕಡೆಗೆ ಗದಗಿನ ಒಂದು ದವಾಖಾನೆಯಲ್ಲಿ ಆಪ್ತಸಮಾಲೋಚಕಿಯ ಎದುರು ಕೂತೆ. ನನಗಿಂತ ಹತ್ತು ವರ್ಷ ಚಿಕ್ಕವಳು. ಇವಳೇನು ಹೇಳಿಯಾಳು ಅಂದುಕೊಂಡೆ. ಅವಳು ಹೇಳಲೇ ಇಲ್ಲ, ಕೇಳಿದಳು.

"ಕಣ್ಣ ಮುಚ್ಚರಿ ಅಕ್ಕಾರ. ಪಾದದಿಂದ ಮ್ಯಾಲ ಬರ್ರಿ. ಎಲ್ಲೆಲ್ಲಿ ಏನೇನ ಅನಸ್ತೈತಿ, ಹೇಳ್ಕೋತ ಬರ್ರಿ."

ಪಾದ ಜೋಮು ಹಿಡಿದಿದೆ ಅಂದೆ. ಮೊಣಕಾಲು ನೋವು, ಹೊಟ್ಟೆ ಭಾರ, ಕುತ್ತಿಗೆ ಬಿಗಿ.

"ಹೊಟ್ಟಿಂದ ಸೀದಾ ಕುತ್ತಿಗಿಗೆ ಹೋದ್ರಿ. ನಡುವ ಏನೈತ್ರಿ?"

"ನಡುವ ಏನೂ ಇಲ್ಲರಿ."

ಮರುವಾರವೂ ಹೀಗೇ ಆಯಿತು. ಮೂರನೇ ವಾರ ಮತ್ತೆ ಕೇಳಿದಾಗ ನನ್ನ ತಲೆ ಕೆಟ್ಟಿತು. "ಎದಿ ಇದ್ದಲ್ಲೇ ಐತಿ. ಅದನ್ನೇನ ಕೇಳ್ತೀರಿ?" ಎಂದು ರೇಗಿದೆ.

ಅವಳು ಸಿಟ್ಟಾಗಲಿಲ್ಲ. "ಊರಿಗೆಲ್ಲಾ ಹೊಲೀತೀರಿ. ಈ ವಾರ ನಿಮ್ಮ ಮೈಗೆ ನೀವ ಟೇಪ್ ಹಾಕ್ಕೊಂಡು ನಿಮಗೊಂದ ಹೊಲಕೊಳ್ರಿ. ದಪ್ಪ ಆಗೇನಿ, ಜೋತ ಬಿದ್ದೈತಿ ಅಂತ ಬಯ್ಕೋಬ್ಯಾಡ್ರಿ. ಎಷ್ಟೈತೋ ಅಷ್ಟ ಬರೀರಿ."

ಮರುದಿನ ಮಧ್ಯಾಹ್ನ ಬಾಗಿಲ ಚಿಲಕ ಹಾಕಿಕೊಂಡೆ. ಟೇಪು ಮೊಳೆಗೆ ನೇತಾಡುತ್ತಿತ್ತು. ಅದನ್ನು ತೆಗೆಯುವ ಬದಲು ಟ್ರಂಕು ತೆರೆದು ಅಳತೆ ಕುಬಸವನ್ನು ತೆಗೆದೆ. ಕಳ್ಳಬುದ್ಧಿ ಎಲ್ಲಿಗೆ ಹೋಗುತ್ತದೆ. ಇದರ ಮೇಲೇ ಕತ್ತರಿಸಿದರಾಯಿತು, ಅವಳಿಗೇನು ಗೊತ್ತಾಗುತ್ತದೆ ಎಂದು ಅದನ್ನು ಒಳಮೈ ಮಾಡಿ ಹರಡಿದೆ.

ಬಲಬದಿಯ ಹೊಲಿಗೆ ಮದುವೆಯ ಮರುವರ್ಷ ಹಾಕಿದ್ದೇ. ಎಡಬದಿಯಲ್ಲಿ ಮೂರು ಸಲ ಬಿಚ್ಚಿ ಹೊಲಿದ ಗುರುತು. ಬಿಚ್ಚಿದ ಸಾಲುಗಳಲ್ಲಿ ಸೂಜಿಯ ತೂತು, ತೂತಿನಲ್ಲಿ ಉಳಿದ ದಾರದ ಚೂರು. ಮೊದಲ ಸಾಲಿನಲ್ಲಿ ಬಲಬದಿಯದೇ ಕೆಂಪು, ಆಮೇಲೆ ಒಂದರಲ್ಲಿ ಬಿಳಿ, ಒಂದರಲ್ಲಿ ನೀಲಿ. ಕಡೆಯ ಹೊಲಿಗೆ ಹಳದಿ ದಾರದ್ದು, ಬಟ್ಟೆಯ ಅಂಚಿಗೇ ಬಂದು ಮುಟ್ಟಿತ್ತು. ಒಳಗೆ ಮಡಚಿಟ್ಟ ಬಟ್ಟೆಯೆಲ್ಲ ಮುಗಿದಿತ್ತು. ಬಿಗಿಯಾದಾಗೆಲ್ಲ ಮಷಿನ್ ಮೇಲೆ ಯಾವ ದಾರವಿತ್ತೋ ಅದರಲ್ಲೇ ಹೊಲಿದುಕೊಂಡಿದ್ದೆ. ಹೊಲಿದವಳು ನಾನೇ, ಆದರೆ ಒಂದು ಸಲದ್ದೂ ನೆನಪಿಲ್ಲ. ಹೊರಗೆ ಯಾರೋ ಮೆಂತ್ಯೆಸೊಪ್ಪು ಕೂಗುತ್ತ ಹೋದರು.

ಬರೆಯಲು ನಾಚಿಕೆಯಾಗುತ್ತದೆ. ಆ ಹೊತ್ತಿನಲ್ಲಿ ನನಗೆ ಮೊದಲು ಹೊಳೆದದ್ದು, ಇನ್ನು ಸಡಿಲಿಸಬೇಕೆಂದರೆ ಬಗಲಿಗೊಂದು ಪಟ್ಟಿ ಕೂಡಿಸಬೇಕಾಗುತ್ತದೆ ಎಂಬುದು. ಆಮೇಲೆ ಅವ್ವನ ದನಿ ಕೇಳಿದಂತಾಯಿತು. ಆಮೇಲೆ ಕೈ ಸೆರಗಿನ ಒಳಗೆ ಎಡ ಎದೆಗೆ ಹೋಯಿತು, ಗಂಟಿತ್ತು. ನೆನೆಯದ ಕಡಲೆಯಷ್ಟು ಗಟ್ಟಿ, ಗಾತ್ರದಲ್ಲಿ ಅದಕ್ಕಿಂತ ಬಹಳ ದೊಡ್ಡದು. ಒತ್ತಿದರೆ ನೋವೂ ಇಲ್ಲ. ನನಗೆ ಸಾಯುವ ಭಯವಾಯಿತು.

ಟೇಪು ಹಾಕಿ ಬಲದ್ದು ಇಷ್ಟು, ಎಡದ್ದು ಇಷ್ಟು ಎಂದು ಚೀಟಿಯಲ್ಲಿ ಬರೆದೆ. ವಾರ ಮುಗಿಯುವವರೆಗೆ ಕಾಯಲಿಲ್ಲ, ಮರುದಿನವೇ ಗದಗಿನ ಬಸ್ಸು ಹತ್ತಿದೆ. ಸಮಾಲೋಚಕಿ ಚೀಟಿ ನೋಡಿ ಎದ್ದು, ನನ್ನ ಕೈ ಹಿಡಿದು ಅಲ್ಲಿನ ಡಾಕ್ಟರ ಕೋಣೆಗೆ ಕರೆದೊಯ್ದಳು.

"ಇದು ಎಷ್ಟ ದಿನದಿಂದ ಐತಿ?" ಎಂದು ಅವರು ಕೇಳಿದರು.

ಜೊತೆಗೆ ತಂದಿದ್ದ ಅಳತೆ ಕುಬಸವನ್ನು ಮೇಜಿನ ಮೇಲೆ ಹರಡಿದೆ. "ಮೂರ ಹೊಲಿಗಿ ಆತ್ರಿ" ಅಂದೆ. ಅವರು ಪೆನ್ನಿನ ತುದಿಯಿಂದ ಸಾಲುಗಳನ್ನು ಮುಟ್ಟಿ ನೋಡಿದರು, ಆಮೇಲೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಫೋನ್ ಮಾಡಿದರು.

ಎಡದ ಮೊಲೆ ತೆಗೆದರು. ರೋಗ ಪೂರ್ತಿ ಹೋಯಿತು ಎಂದು ಯಾರೂ ಹೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಬರ್ರಿ ಎನ್ನುತ್ತಾರೆ, ಹೋಗುತ್ತೇನೆ. ಹೋಗುವ ದಿನ ಹತ್ತಿರವಾದರೆ ಅನ್ನ ಸೇರುವುದಿಲ್ಲ. ಸಮಾಲೋಚಕಿಯ ಎದುರು ಈಗಲೂ ಕಣ್ಣು ಮುಚ್ಚಿ ಪಾದದಿಂದ ಮೇಲೆ ಬರುತ್ತೇನೆ. ಆಪರೇಷನ್ ಆದ ಮೇಲೆ ಮೊದಲ ಸಲ ಎದೆಗೆ ಬಂದು ನಿಂತಾಗ, "ಎಡಕ್ಕ ಖಾಲಿ ಐತ್ರಿ. ಉರೀತೈತಿ. ಅಂಜಿಕಿ ಬರ್ತೈತಿ" ಅಂದೆ. ಅವಳು "ಹೌದ್ರಿ" ಅಂದಳು, ಅಷ್ಟೇ. ಹೊಸ ಅಳತೆಯಲ್ಲಿ ಕುಬಸ ಹೊಲಿದುಕೊಂಡಿದ್ದೇನೆ, ಎಡಕ್ಕೆ ಚಪ್ಪಟೆ. ಒಳಗೆ ಅರಿವೆ ತುರುಕಿಕೋ ಎಂದು ನಾದಿನಿ ಹೇಳಿದಳು. ನಾನು ಒಲ್ಲೆ ಅಂದೆ.

ಹೋದ ವಾರ ಒಬ್ಬ ಹುಡುಗಿ ಬಂದಳು, ನರಗುಂದದಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಅಳತೆ ಕುಬಸವನ್ನು ಮಷಿನ್ ಮೇಲಿಟ್ಟು, ಬಾಗಿಲ ಕಡೆ ನೋಡುತ್ತ, "ಬಲಕ್ಕ ಸ್ವಲ್ಪ ಸಡ್ಲ ಬಿಡ್ರಿ" ಅಂದಳು.

ಮಷಿನ್ ನಿಲ್ಲಿಸಿದೆ. ಎದ್ದು ಚಿಲಕ ಹಾಕಿದೆ. ಅವಳು ಗಾಬರಿಯಾದಳು. ನನ್ನ ಸೆರಗು ಸರಿಸಿ, ಅವಳ ಕೈ ಹಿಡಿದು ನನ್ನ ಎದೆಯ ಎಡಕ್ಕೆ ಇಟ್ಟುಕೊಂಡೆ.

"ನಾನೂ ಮೂರ ಸಲ ಸಡ್ಲ ಬಿಟ್ಟಿದ್ದೆ" ಅಂದೆ.

ಅವಳು ಕೈ ಹಿಂದೆ ತೆಗೆಯಲಿಲ್ಲ. ಅವಳು ಅಳಲು ಶುರುಮಾಡಿದಾಗ ನಾನು ಮೊಳೆಯಿಂದ ಟೇಪು ತೆಗೆದೆ.