ಪ್ಯೊ ಮೇಷ್ಟ್ರ ಅರ್ಧ ತೋಫು
ಕೊರಿಯಾದಲ್ಲಿ ಜಪಾನಿಗರ ಆಳ್ವಿಕೆಯಿದ್ದ ಆ ದಿನಗಳಲ್ಲಿ ಸಿಯೋಲ್ ನಗರದ ಜೈಲಿನ ಬಾಗಿಲಲ್ಲಿ, ಸೋಯಾ ಹಾಲಿನಿಂದ ಮಾಡಿದ ಪನೀರಿನಂಥ ತೋಫು ಮಾರುತ್ತಿದ್ದ ಬುನ್‌ರೆಗೆ ಪ್ಯೊ ಮೇಷ್ಟ್ರನ್ನು ಕಂಡರೆ ಮೈಯೆಲ್ಲ ಉರಿ. ಜೈಲಿಂದ ಬಂದವರು ಮೊದಲು ಒಂದು ಗಡ್ಡೆ ತೋಫು ಪೂರ್ತಿ ತಿನ್ನಬೇಕು, ತಿಂದರೆ ಮತ್ತೆ ಒಳಗೆ ಹೋಗುವುದಿಲ್ಲ ಎಂದು ಊರಿಗೆ ಊರೇ ನಂಬಿದ್ದರೆ, ಈ ಪುಣ್ಯಾತ್ಮರು ಪ್ರತಿ ಸಲವೂ ಅರ್ಧ ತಿಂದು ಉಳಿದದ್ದನ್ನು ಬೀದಿನಾಯಿಗೆ ಹಾಕುತ್ತಿದ್ದರು. "ಪೂರ್ತಿ ನುಂಗ್ರೀ ಮೇಷ್ಟ್ರೇ, ಜೈಲೇನು ನಿಮ್ಮ ಮಾವನ ಮನೇನಾ?" ಎಂದು ಅವಳು ಬೈದರೆ, "ಹೌದಮ್ಮ, ಅಳಿಯ ಇಲ್ದಿದ್ರೆ ಅವ್ರಿಗೆ ಬೇಜಾರಾಗುತ್ತೆ" ಅನ್ನುತ್ತಿದ್ದರು. ವಾರ ಕಳೆಯುವುದರೊಳಗೆ ಸಂತೆಯ ನಡುವೆ ನಿಂತು "ಕೊರಿಯಾ ಬಾಳಲಿ!" ಎಂದು ಕೂಗಿದರೆ ಮೂರು ಬೀದಿಯಾಚೆಯ ಕತ್ತೆಗಳು ಹಗ್ಗ ಹರಿಯುತ್ತಿದ್ದವು. ಅಬ್ಬಾ, ಕೂಗಿದವರು ಓಡಬೇಡವೇ? ಓಡುತ್ತಿರಲಿಲ್ಲ, ಒಂದು ಕಲ್ಲನ್ನೂ ಎತ್ತುತ್ತಿರಲಿಲ್ಲ; ಚಾಪೆ ಹಾಸಿ ಕೂತು, ಏದುಸಿರು ಬಿಡುತ್ತ ಬಂದ ಪೊಲೀಸನಿಗೆ "ನೆಗಡಿ ಹೋಯ್ತೇನಪ್ಪ?" ಎಂದು ಕೇಳಿ ಬೇಡಿಗೆ ಕೈ ಚಾಚುತ್ತಿದ್ದರು. ಈ ಸಲ ಹೊರಬಂದ ಮೇಷ್ಟ್ರು ಮಾತಿಲ್ಲದೆ ಇಡೀ ಗಡ್ಡೆ ತಿಂದು ಮುಗಿಸಿದರು. "ಅಂತೂ ಬುದ್ಧಿ ಬಂತಲ್ಲ!" ಎಂದು ಬುನ್‌ರೆ ಕೈ ತಟ್ಟಿದಳು. ಮೇಷ್ಟ್ರು ಜೈಲಿನ ಕಡೆ ತಿರುಗಿ, ಎರಡೂ ಕೈ ಎತ್ತಿ, ಬಾಯಿ ತೆರೆದರು. ಬರೀ ಗಾಳಿ ಬಂತು. ಸರಿದ ಬಿಳಿ ಅಂಗಿಯ ಕೊರಳಪಟ್ಟಿಯ ಕೆಳಗೆ, ಗಂಟಲ ಮೇಲೆ, ಕಾದ ಕಬ್ಬಿಣ ಇಟ್ಟ ಗುರುತು ಕಂಡಿತು. ಅಷ್ಟರಲ್ಲಿ ಯಾರೋ "ಕೊರಿಯಾ ಬಾಳಲಿ!" ಎಂದು ಕೂಗಿದರು. ಯಾರಪ್ಪ ಅದು ಎಂದು ಬೆಚ್ಚಿ ತಿರುಗಿದಳು. ಬೀದಿಗೆ ಬೀದಿಯೇ ಅವಳ ಬಾಯನ್ನೇ ನೋಡುತ್ತಿತ್ತು.